ಅಡ್ಡಗಾಳಿ ಮತ್ತು ಮಿಲೋಯ್ಕೊನ ಒಲೆ

ನಮ್ಮ ಊರಿನಲ್ಲಿ ಜನ ಸಾಯುವುದಕ್ಕೆ ಎರಡೇ ಕಾರಣ. ಒಂದು ಮುಪ್ಪು, ಇನ್ನೊಂದು ಅಡ್ಡಗಾಳಿ. ಆಸ್ಪತ್ರೆಯವರು ಚೀಟಿಯಲ್ಲಿ ಹೃದಯ, ಶ್ವಾಸಕೋಶ, ಮತ್ತೊಂದು ಮಗದೊಂದು ಅಂತ ಬರೆಯುತ್ತಾರೆ, ಬರೆದುಕೊಳ್ಳಲಿ. ಶವದ ಹಿಂದೆ ನಡೆಯುವವರಿಗೆ ನಿಜ ಗೊತ್ತಿರುತ್ತದೆ. "ಪಾಪ, ಬೆವರಿದ ಮೈಯಲ್ಲಿ ಕಿಟಕಿಗೂ ಬಾಗಿಲಿಗೂ ಮಧ್ಯೆ ಕೂತಿದ್ನಂತೆ" ಅಂತ ಒಬ್ಬರು ಅಂದರೆ ಸಾಕು, ಉಳಿದವರು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ. ಇಡೀ ಸರ್ಬಿಯಾ ರಾಜಕೀಯದ ವಿಷಯಕ್ಕೆ ಕಿತ್ತಾಡುತ್ತದೆ, ಫುಟ್‌ಬಾಲಿಗೆ ಕಿತ್ತಾಡುತ್ತದೆ, ಯಾರ ಮನೆಯ ರಕಿಯಾ, ಅಂದರೆ ಹಣ್ಣಿನ ಸಾರಾಯಿ, ಹೆಚ್ಚು ಗಂಟಲು ಸುಡುತ್ತದೆ ಅನ್ನುವುದಕ್ಕೂ ಕಿತ್ತಾಡುತ್ತದೆ. ಅಡ್ಡಗಾಳಿಯ ವಿಷಯಕ್ಕೆ ಬಂದರೆ ಮಾತ್ರ ಎಲ್ಲರದೂ ಒಂದೇ ಮನಸ್ಸು.

ನಾನು ತಿಹೊಮಿರ್, ಮೂವತ್ತೊಂದು ವರ್ಷ ಈ ಊರಿನಲ್ಲಿ ಟಪಾಲು ಹಂಚಿ ನಿವೃತ್ತನಾದವನು. ಡಿಸೆಂಬರಿನಲ್ಲಿ ಯಾರ ಮನೆಯ ಬಾಗಿಲು ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆ ಅಂತ ನನ್ನ ಮೂಗನ್ನು ಕೇಳಿದರೆ ಹೇಳುತ್ತದೆ. ಹಾಗಾಗಿ ಪಕ್ಕದ ಮನೆಯ ಮಿಲೋಯ್ಕೊನ ಒಲೆಯ ಪ್ರಕರಣವನ್ನು ಹೇಳುವ ಅಧಿಕಾರ ಈ ಬೀದಿಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ.

ಮಿಲೋಯ್ಕೊ ಭೂದಾಖಲೆ ಕಚೇರಿಯಲ್ಲಿ ಗುಮಾಸ್ತ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಯಾರು ಏನು ಸಲಹೆ ಕೊಟ್ಟರೂ ಪೂರ್ತಿ ಪಾಲಿಸುತ್ತಾನೆ; ಎರಡು ಸಲಹೆಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಎರಡನ್ನೂ ಪಾಲಿಸುತ್ತಾನೆ. ಮದುವೆಯಾದ ಮೇಲೆ ಒಂಬತ್ತು ವರ್ಷ ಅವನು ಮನೆಅಳಿಯನಾಗಿ ಹೆಂಡತಿ ದೆಸಾಂಕಾಳ ತವರಿನಲ್ಲಿದ್ದ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತ, ವರ್ಷಕ್ಕೊಮ್ಮೆ ಆ ಸಂತನ ಸ್ಲಾವಾ, ಅಂದರೆ ಮನೆದೇವರ ಹಬ್ಬ. ಮೇಣದ ಬತ್ತಿ ಹಚ್ಚಬೇಕು, ಹಬ್ಬದ ರೊಟ್ಟಿ ಕೊಯ್ಯಬೇಕು, ಬಂದವರಿಗೆಲ್ಲ ಉಣ್ಣಿಸಬೇಕು. ಮನೆಅಳಿಯನಾದವನಿಗೆ ಮಾತ್ರ ಹೆಂಡತಿಯ ಮನೆಯ ಸಂತನೇ ಗತಿ. ಮಿಲೋಯ್ಕೊನ ಅಪ್ಪ, ತಾತ, ಮುತ್ತಾತ ಹಚ್ಚುತ್ತಿದ್ದ ಸಂತ ನಿಕೋಲಾನ ಬತ್ತಿ ಒಂಬತ್ತು ವರ್ಷದಿಂದ ಹಚ್ಚುವವರಿಲ್ಲದೆ ಉಳಿದಿತ್ತು. ಇದರ ಬಗ್ಗೆ ಅವನು ಯಾರ ಹತ್ತಿರವೂ ಮಾತಾಡಿದವನಲ್ಲ. ಆ ಸಂತನ ದಿನ, ಡಿಸೆಂಬರ್ ಹತ್ತೊಂಬತ್ತು ಬಂದರೆ ಮಾವನ ಮನೆಯ ಹಿತ್ತಲಿಗೆ ಹೋಗಿ, ಯಾರೂ ಕೇಳದಿದ್ದರೂ, ದಿನವಿಡೀ ಸೌದೆ ಒಡೆಯುತ್ತಿದ್ದ.

ಈ ವರ್ಷ ಅವನ ಸ್ವಂತ ಮನೆ ಮುಗಿಯಿತು. ಎರಡು ಕೋಣೆ, ಒಂದು ದೊಡ್ಡ ಅಡುಗೆಮನೆ, ಗಾಳಿಯ ಒಂದೆಳೆಯೂ ನುಸುಳದ ಹೊಸ ಕಿಟಕಿಗಳು. ಬೇಲಿಯ ಹತ್ತಿರ ಬಂದು, ಎದೆ ಉಬ್ಬಿಸಿ, ನನಗೆ ಘೋಷಿಸಿದ.

"ತಿಹೊಮಿರಣ್ಣ, ಈ ಸಲ ಸಂತ ನಿಕೋಲಾ ನಮ್ಮನೇಲಿ!"

"ಬಹಳ ಸಂತೋಷ ಕಣಪ್ಪಾ" ಅಂದೆ. ನಿಜವಾಗಿಯೂ ಸಂತೋಷವಾಗಿತ್ತು.

ಸಂತೋಷವಾಗದಿದ್ದವನು ಒಬ್ಬನೇ, ದೆಸಾಂಕಾಳ ಅಣ್ಣ ರಾದೊಮಾನ್. ಮರ ಕೊಯ್ಯುವ ಮಿಲ್ಲಿನ ಒಡೆಯ, ಮೀಸೆಯಿಂದ ಹಿಡಿದು ಗಂಟಲಿನವರೆಗೆ ಎಲ್ಲವೂ ದೊಡ್ಡದು. ಅವನು ಕೆಟ್ಟವನಲ್ಲ, ತಂಗಿಯ ಗಂಡನಿಂದ ಒಂದು ಕೆಲಸ ನೆಟ್ಟಗೆ ಆದೀತು ಅಂತ ನಂಬುವ ಶಕ್ತಿ ಅವನಿಗೆ ದೇವರು ಕೊಟ್ಟಿರಲಿಲ್ಲ, ಅಷ್ಟೆ.

"ನಿನ್ ಮನೇಲಾ? ನೀನು ಒಂದು ಸಿಗರೇಟು ನೆಟ್ಟಗೆ ಹಚ್ಚಿದ್ದನ್ನ ನಾನು ನೋಡಿಲ್ಲ, ಒಲೆ ಹಚ್ತೀಯಾ?" ಅಂದ, ಹತ್ತು ಜನರ ಮುಂದೆ. "ಇರ್ಲಿ ಬಿಡು, ಮಾಡು. ನಮ್ಮನೇಲಿ ಒಂದು ದೊಡ್ಡ ಪಾತ್ರೆ ಮೀನು ಸಾರು ಇಟ್ಟಿರ್ತೀನಿ. ಏನಾದ್ರೂ ಎಡವಟ್ಟಾದ್ರೆ ಬತ್ತಿ, ರೊಟ್ಟಿ, ಪಾದ್ರಿ, ಎಲ್ಲಾನೂ ಎತ್ಕೊಂಡು ನಮ್ಮನೇಗೆ ಬಂದ್ಬಿಡಿ."

ಹತ್ತು ಜನ ನಕ್ಕರು. ಮಿಲೋಯ್ಕೊನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಹಬ್ಬದ ದಿನ ಜನ ಅವನ ಮನೆಯಿಂದ ಎದ್ದು ರಾದೊಮಾನನ ಮನೆಗೆ ಹೋದರೆ, ಈ ಜನ್ಮದಲ್ಲಿ ಅವನು ಮನೆಅಳಿಯನಾಗಿಯೇ ಉಳಿದಂತೆ. ಬರುವ ನೆಂಟರೆಲ್ಲ ಹೆಂಡತಿಯ ಕಡೆಯವರೇ. ಅವರಲ್ಲಿ ಹಿರಿಯಳು ಅತ್ತೆ ವಿದೊಸಾವಾ. ಅವಳು ಎದ್ದರೆ ಎಲ್ಲರೂ ಎದ್ದರು ಅಂತಲೇ ಲೆಕ್ಕ.

ಆ ಅತ್ತೆ ಮಗಳಿಗೆ ಸಹಾಯಕ್ಕೆಂದು ನವೆಂಬರಿನಲ್ಲೇ ಮೂರು ಕಂಬಳಿ, ಐದು ಶಾಲು, ಒಂದು ಕುರಿಚರ್ಮದ ಅಂಗಿಯ ಸಮೇತ ಬಂದು ಹೊಸ ಮನೆಯ ಅಡುಗೆಮನೆಯಲ್ಲಿ ಹಾಸಿಗೆ ಹಾಕಿಕೊಂಡಳು. ಬಂದವಳೇ ಅಂಗೈಯನ್ನು ಒದ್ದೆ ಮಾಡಿಕೊಂಡು ಗೋಡೆಗಳ ಉದ್ದಕ್ಕೂ ಹಿಡಿಯುತ್ತಾ ಹೋದಳು. ನಮ್ಮ ಊರಿನಲ್ಲಿ ಅಡ್ಡಗಾಳಿಯನ್ನು ಪತ್ತೆ ಹಚ್ಚುವ ಕೈಗಳಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ.

ಅದೇ ವಾರ ಒಲೆಯೂ ಬಂತು. ಎರಕದ ಕಬ್ಬಿಣದ ಸೌದೆ ಒಲೆ, ಮುಂದೆ ಗಾಜಿನ ಬಾಗಿಲು, ಪಕ್ಕದಲ್ಲಿ ರೊಟ್ಟಿ ಬೇಯಿಸುವ ಗೂಡು. ನಾಲ್ಕು ಜನ ಹೊತ್ತು ತಂದರು, ಐದನೆಯವನಾಗಿ ಮಿಲೋಯ್ಕೊ ಮುಂದೆ ನಡೆಯುತ್ತಾ ಎಲ್ಲರ ಕಾಲಿಗೂ ಅಡ್ಡ ಬಂದ. ಹಳೇ ಕರೆಂಟಿನ ಒಲೆಯನ್ನು ಅಂದೇ ಯಾರಿಗೋ ದಾನ ಮಾಡಿಬಿಟ್ಟ. ಒಲೆಯ ಜೊತೆ ಬಂದ ಪುಸ್ತಿಕೆಯನ್ನು ಎರಡು ಸಲ ಓದಿ, ಮೂರನೆಯ ದಿನಕ್ಕೆ ಸೌದೆ ಪಂಡಿತನಾಗಿಬಿಟ್ಟ.

"ಒಣಗಿದ ಸೌದೆ ಬಡಿದ್ರೆ ಟಣ್ ಅನ್ಬೇಕು ಅಣ್ಣಾ. ಹಸೀದು ಧಡ್ ಅನ್ನುತ್ತೆ" ಅನ್ನುತ್ತಾ ನನ್ನ ಅಂಗಳಕ್ಕೆ ಬಂದು, ಜೋಡಿಸಿಟ್ಟಿದ್ದ ನನ್ನ ಸೌದೆಯ ರಾಶಿಯಿಂದ ಎರಡು ತುಂಡು ಎಳೆದು ಒಂದಕ್ಕೊಂದು ಬಡಿದು ಕಿವಿಗೊಟ್ಟ. "ನಿಂದು ಪರವಾಗಿಲ್ಲ. ಎರಡು ಬೇಸಿಗೆ ಕಂಡಿದೆ."

"ನನಗೆ ಅರವತ್ತೆಂಟು ಬೇಸಿಗೆ ಆಗಿದೆ ಕಣಯ್ಯಾ, ನನ್ನನ್ನೂ ಒಂದ್ಸಲ ಬಡಿದು ನೋಡು" ಅಂದೆ.

ಅವನು ನಗಲಿಲ್ಲ. ಬೀದಿಯ ಪ್ರತಿ ಮನೆಗೂ ಹೋಗಿ ಸೌದೆ ಬಡಿದ. ಯಾರದು ಹಸಿ, ಯಾರದು ಒಣ ಅಂತ ತೀರ್ಪು ಕೊಟ್ಟ. ಎರಡು ಮನೆಯವರು ಅವನ ಜೊತೆ ಮಾತು ಬಿಟ್ಟರು.

ಒಲೆ ಹಚ್ಚುವ ದಿನ ನಾನೂ ಹೋಗಿದ್ದೆ. ಒಲೆಯ ಮುಂದೆ ತಗಡಿನ ಹಾಳೆ ಹಾಸಿದ್ದ, ಬೂದಿಗೆ ಮುಚ್ಚಳವಿದ್ದ ಬಕೆಟ್ ಇಟ್ಟಿದ್ದ, ಎಲ್ಲವೂ ಪುಸ್ತಿಕೆಯ ಪ್ರಕಾರ. ದಪ್ಪ ಸೌದೆ ಕೆಳಗೆ, ಪುಳ್ಳೆ ಮೇಲೆ, ಬೆಂಕಿ ಎಲ್ಲಕ್ಕಿಂತ ಮೇಲಿನಿಂದ. ಎರಡು ನಿಮಿಷ ಭರ್ಜರಿಯಾಗಿ ಉರಿಯಿತು. ನಾನು ಶಹಭಾಸ್ ಅಂದೆ. ಆಗ ದೆಸಾಂಕಾ, "ಬಾಗಿಲು ಹಾಕಿ, ಅಮ್ಮನಿಗೆ ಗಾಳಿ ಹೊಡೆಯುತ್ತೆ" ಅಂದಳು. ಬಾಗಿಲು ಹಾಕಿದೆವು. ಬೆಂಕಿ ಮುದುಡಿತು, ಗಾಜು ಕಪ್ಪಾಯಿತು, ಒಲೆಯ ಸಂದುಗಳಿಂದ ಹೊಗೆ ಹೊರಬಂದು ಸೂರಿನ ಕೆಳಗೆ ನಿಂತಿತು.

"ಸೌದೆ ಹಸಿ" ಅಂದಳು ವಿದೊಸಾವಾ.

ತೀರ್ಪುಗಾರನ ಸೌದೆಯೇ ಹಸಿ ಅಂದರೆ ಹೇಗೆ? ನನ್ನ ಬೀಚ್ ಮರದ ಸೌದೆಯನ್ನೇ ಎರಡು ಗಾಡಿ ತಂದ. ಅದೂ ಹಾಗೆಯೇ ಹೊಗೆ ಕಕ್ಕಿತು. ಮಾರನೆಯ ಬೆಳಿಗ್ಗೆ ಅತ್ತೆ ಎದ್ದವಳೇ ಹಣೆ ಹಿಡಿದುಕೊಂಡಳು.

"ತಲೆ ಸಿಡೀತಿದೆ ದೆಸಾಂಕಾ. ಎಲ್ಲಿಂದಲೋ ಗಾಳಿ ಬರ್ತಿದೆ. ನನಗೆ ಗೊತ್ತಾಗುತ್ತೆ, ಇಲ್ಲಿಂದ ನುಗ್ಗಿ ಇಲ್ಲಿಗೆ ಹೋಗುತ್ತೆ" ಅಂತ ಎಡಗಿವಿಯಿಂದ ಬಲಗಿವಿಗೆ ಬೆರಳು ತೋರಿಸಿದಳು.

ಮಿಲೋಯ್ಕೊ ಅಂದೇ ಸ್ಪಂಜಿನ ಪಟ್ಟಿ ತಂದು ಬಾಗಿಲಿನ ಸುತ್ತ ಅಂಟಿಸಿದ. ಮರುದಿನ ಅತ್ತೆಗೆ ತಲೆನೋವು ಹೆಚ್ಚಾಯಿತು, ಒಲೆ ಇನ್ನೂ ಹೆಚ್ಚು ಹೊಗೆಯಾಡಿತು. ಅವನು ಬಚ್ಚಲುಮನೆಯ ಗಾಳಿಯ ಜಾಲರಿಗೆ ದಿಂಬು ತುರುಕಿದ. ತಲೆನೋವು ದೆಸಾಂಕಾಳಿಗೂ ಬಂತು. ಅಡುಗೆಮನೆಯ ಕಿಟಕಿಗಳಲ್ಲಿ ಒಂದನ್ನು ಮಾತ್ರ ಬಿಟ್ಟು ಉಳಿದವಕ್ಕೆಲ್ಲ ಶಾಶ್ವತವಾಗಿ ಅಂಟು ಹಾಕಿದ. ಈಗ ಅವನಿಗೇ ತಲೆ ತಿರುಗಿ, ಕಚೇರಿಯಲ್ಲಿ ಒಬ್ಬರ ಹೊಲವನ್ನು ಇನ್ನೊಬ್ಬರ ಹೆಸರಿಗೆ ಬರೆದ. ಹೀಗೆ ತಲೆನೋವು ಹೆಚ್ಚಾದಷ್ಟೂ ಬಿರುಕು ಮುಚ್ಚುವುದು, ಬಿರುಕು ಮುಚ್ಚಿದಷ್ಟೂ ತಲೆನೋವು ಹೆಚ್ಚಾಗುವುದು. ಡಿಸೆಂಬರ್ ಹತ್ತರ ಹೊತ್ತಿಗೆ ಆ ಮನೆಯಲ್ಲಿ ಮುಚ್ಚದೆ ಉಳಿದದ್ದು ಬೀಗದ ತೂತು ಒಂದೇ. ಹನ್ನೊಂದನೇ ತಾರೀಕು ಅದಕ್ಕೂ ಮೇಣ ತುಂಬಿದ. ಆಮೇಲೆ ಬೀಗದ ಕೈ ಒಳಗೆ ಹೋಗದೆ ಮನೆಯವರೆಲ್ಲ ಅರ್ಧ ಗಂಟೆ ಹೊರಗೆ ನಿಂತರು. ಆ ಅರ್ಧ ಗಂಟೆಯಲ್ಲಿ ಮೂವರ ತಲೆನೋವೂ ಹೋಗಿತ್ತು, ಆದರೆ ಚಳಿಗೆ ಬೈಯುವ ಭರದಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಔಷಧಿ ಅಂಗಡಿಯ ಹೆಂಗಸು ಅವರನ್ನು ನೋಡಿದ ತಕ್ಷಣ ಕೇಳಿದಳು, "ಅಡ್ಡಗಾಳಿಲಿ ಕೂತಿದ್ರಾ?"

"ಇಲ್ಲಾಮ್ಮಾ, ಎಲ್ಲಾ ಮುಚ್ಚಿದ್ದೀನಿ" ಅಂದ ಮಿಲೋಯ್ಕೊ.

"ಸರಿಯಾಗಿ ಮುಚ್ಚಿಲ್ಲ" ಅಂದಳು ಅವಳು, ಶಾಖದ ಪಟ್ಟಿ ಕೈಗಿಡುತ್ತಾ.

ಹದಿನಾಲ್ಕನೇ ತಾರೀಕು ಅವರ ಅಡುಗೆಮನೆಯ ಕಿಟಕಿಯ ಹಿಂದೆ ಬೆಳ್ಳಗೆ ಹೊಗೆ ತುಂಬಿ, ವಿದೊಸಾವಾಳ ತಲೆವಸ್ತ್ರ ಮಾತ್ರ ಅತ್ತಿತ್ತ ತೇಲುತ್ತಿದ್ದದ್ದು ನನಗೆ ಕಂಡಿತು. ಅಗ್ನಿಶಾಮಕದವರಿಗೆ ಫೋನ್ ಮಾಡಿದವನು ನಾನೇ, ಯಾಕೆ ಸುಳ್ಳು ಹೇಳಲಿ. ಇಬ್ಬರು ಧಡೂತಿಗಳು ಕೊಳವೆ ಹಿಡಿದು ಬಾಗಿಲನ್ನು ಅಗಲಕ್ಕೆ ತೆರೆದು ನುಗ್ಗಿದರು. ನುಗ್ಗಿ ನೋಡಿದರೆ, ಹೊಗೆ ಅವರ ತಲೆಯ ಮೇಲಿಂದ ಹೊರಗೆ ಹೋಯಿತು, ಒಲೆಯಲ್ಲಿ ಬೆಂಕಿ ಭಗ್ಗನೆ ಎದ್ದು ಚಂದವಾಗಿ ಉರಿಯತೊಡಗಿತು.

"ಏನ್ರೀ, ಒಲೆ ಉರೀತಿದೆ ಅಂತ ಫೋನ್ ಮಾಡ್ತಾರಾ?" ಅಂದ ದೊಡ್ಡವನು.

"ಈಗ ಉರೀತಿದೆ ಸ್ವಾಮಿ, ನೀವು ಬರೋಕ್ ಮುಂಚೆ ಉರೀತಿರ್ಲಿಲ್ಲ" ಅಂದ ಮಿಲೋಯ್ಕೊ.

"ಹಾಗಾದ್ರೆ ನಾವೇನು, ದಿನಾ ಬಂದು ನಿಂತ್ಕೋಬೇಕಾ?"

ಚಿಕ್ಕವನು ಮೂಲೆಯಲ್ಲಿ ಶಾಲು ಹೊದ್ದ ಮುದುಕಿಯನ್ನು ನೋಡಿ ಗಾಬರಿಯಾದ. "ಅಯ್ಯೋ, ಅಜ್ಜಿ ಕೂತಿದ್ದಾರೆ, ಬಾಗಿಲು ಹಾಕೋ ಮಾರಾಯಾ, ಅಡ್ಡಗಾಳಿ!" ಇಬ್ಬರೂ ಹೊರಗೆ ಬಂದು ಬಾಗಿಲನ್ನು ಭದ್ರವಾಗಿ ಎಳೆದು, ಪಟ್ಟಿ ಸರಿಯಾಗಿ ಕೂತಿದೆಯಾ ಅಂತ ಒತ್ತಿ ನೋಡಿ ಹೋದರು. ಅವರ ಗಾಡಿ ತಿರುವಿನಲ್ಲಿ ಮರೆಯಾಗುವ ಮೊದಲೇ ಒಲೆ ಮತ್ತೆ ಹೊಗೆಯಾಡಿತು.

"ಇದು ಒಲೆ ಅಲ್ಲ ಅಣ್ಣಾ, ನನ್ನ ಮರ್ಯಾದೆ ತೆಗೆಯೋಕೆ ಹುಟ್ಟಿದ ಪ್ರಾಣಿ" ಅಂದ ಮಿಲೋಯ್ಕೊ, ಬೇಲಿಯ ಮೇಲೆ ಗಲ್ಲ ಊರಿ. "ಯಾರಾದ್ರೂ ಬಂದ್ರೆ ಸಾಧು. ಹೋದ ಮೇಲೆ ರಾಕ್ಷಸ."

ಇಷ್ಟರಲ್ಲಿ ಊರಿಗೆಲ್ಲ ಸುದ್ದಿ ಹರಡಿತ್ತು. ರಾದೊಮಾನ್ ಮೀನು ಸಾರಿಗೆ ಎರಡನೆಯ ಪಾತ್ರೆಯನ್ನೂ ತೊಳೆದಿಡಿಸಿದ ಅಂತ ಮಿಲ್ಲಿನ ಹುಡುಗರೇ ಹೇಳಿದರು.

ಹಬ್ಬದ ಬೆಳಿಗ್ಗೆ ಎಂಟಕ್ಕೆ ನಾನು ಬೆಂಚುಗಳನ್ನು ಕೊಡಲು ಹೋದೆ. ದೆಸಾಂಕಾ ಮೂರು ಗಂಟೆ ನಾದಿ, ಹಿಟ್ಟಿನಲ್ಲೇ ಹಕ್ಕಿ, ದ್ರಾಕ್ಷಿ ಗೊಂಚಲು, ಶಿಲುಬೆ ಮಾಡಿ ಕೂರಿಸಿದ ಹಬ್ಬದ ರೊಟ್ಟಿ ಗೂಡಿನೊಳಗಿತ್ತು. ಗೂಡು ಬೆಕ್ಕು ಮಲಗುವಷ್ಟು ಬೆಚ್ಚಗಿತ್ತು, ಅಷ್ಟೆ. ಹನ್ನೊಂದಕ್ಕೆ ಪಾದ್ರಿ ಬರುತ್ತಾರೆ. ಅವಳು ಗೂಡಿನ ಮುಂದೆ ನೆಲದ ಮೇಲೆ ಕೂತು ಅಳುತ್ತಿದ್ದಳು. ಮಿಲೋಯ್ಕೊ ತನ್ನ ಒಂದೇ ಒಂದು ಸೂಟು ಹಾಕಿಕೊಂಡು, ಮೂಗಿನ ಮೇಲೆ ಮಸಿ ಬಳಿದುಕೊಂಡು, ಒಲೆಯೊಳಕ್ಕೆ ಊದುತ್ತಿದ್ದ.

"ಊದ್ಬೇಡಿ" ಅಂದಿತು ಒಂದು ದನಿ.

ಬಾಗಿಲಲ್ಲಿ ನಿಂತಿದ್ದವನು ಗ್ವೋಜ್ದೆನ್, ಹೊಗೆಗೂಡು ಗುಡಿಸುವವನು. ತಲೆಯಿಂದ ಕಾಲಿನವರೆಗೆ ಕಪ್ಪು, ಹೆಗಲಲ್ಲಿ ಸುರುಳಿ ಸುತ್ತಿದ ಕುಂಚ. ಹೊಗೆಗೂಡಿನವನು ಎದುರಾದರೆ ಅಂಗಿಯ ಗುಂಡಿ ಹಿಡಿದುಕೊಳ್ಳಬೇಕು, ಒಳ್ಳೆಯದಾಗುತ್ತದೆ. ನಾವು ನಾಲ್ವರೂ ಒಟ್ಟಿಗೆ ಗುಂಡಿ ಹಿಡಿದೆವು. ವಿದೊಸಾವಾಳಿಗೆ ಐದು ಶಾಲುಗಳ ಅಡಿಯಲ್ಲಿ ಗುಂಡಿ ಹುಡುಕುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ನಾನು ಹಬ್ಬಕ್ಕೆ ಬಂದಿಲ್ಲ, ಮಧ್ಯಾಹ್ನ ಬರ್ತೀನಿ" ಅಂದ ಅವನು. "ಮೂರು ವಾರದಿಂದ ನಿಮ್ಮ ಹೊಗೆ ನೋಡ್ತಿದ್ದೀನಿ. ಹೊಗೆಗೂಡಿಂದ ತೆಳ್ಳಗೆ, ಸೋಮಾರಿ ಹಾಗೆ ಬರುತ್ತೆ. ಇನ್ನು ತಡ್ಕೊಳ್ಳೋಕಾಗ್ಲಿಲ್ಲ."

ಮಾಡಿನ ಮೇಲೆ ಹತ್ತಿ ಗುಡಿಸಿದ. ಅರ್ಧ ಬಕೆಟ್ ಮಸಿ ಬಿತ್ತು. "ರಾತ್ರಿ ಗಾಳಿಯ ಕಿಂಡಿ ಮುಚ್ಚಿ ಸೌದೆ ನಿಧಾನ ಉರಿಯೋ ಹಾಗೆ ಮಾಡ್ತೀರಾ?" ಅಂತ ಮೇಲಿನಿಂದಲೇ ಕೇಳಿದ.

"ಹೌದು! ಒಂದು ತುಂಡು ಬೆಳಗಿನವರೆಗೂ ಬರುತ್ತೆ" ಅಂದ ಮಿಲೋಯ್ಕೊ ಹೆಮ್ಮೆಯಿಂದ.

"ಬರುತ್ತೆ. ಅರ್ಧ ಸೌದೆ ಹೊಗೆಯಾಗಿ ಹೋಗುತ್ತೆ, ಇನ್ನರ್ಧ ಡಾಂಬರಾಗಿ ಗೋಡೆಗೆ ಅಂಟುತ್ತೆ. ಒಂದಿನ ಅದಕ್ಕೇ ಬೆಂಕಿ ಹತ್ತುತ್ತೆ. ಬೆಂಕಿ ಸಣ್ಣದಾಗಿರ್ಲಿ, ಜೋರಾಗಿರ್ಲಿ, ಉಸಿರು ಮಾತ್ರ ಕಟ್ಬೇಡಿ." ಕೆಳಗೆ ಇಳಿದು ಕೈ ಒರೆಸಿಕೊಂಡ. "ಆದ್ರೆ ದಾರಿ ಮುಚ್ಚಿಲ್ಲ. ಕಾಯಿಲೆ ಮೇಲಿಲ್ಲ, ಒಳಗಿದೆ."

ಒಳಗೆ ಬಂದು ಬಾಗಿಲು ಹಾಕಿ ಸುಮ್ಮನೆ ನಿಂತ. ಒಲೆ ಹೊಗೆಯಾಡಿತು. ಒಂದು ನಿಮಿಷದ ಮೇಲೆ ಅವನ ಬೆಲ್ಟಿನಲ್ಲಿದ್ದ ಪುಟ್ಟ ಯಂತ್ರವೊಂದು ಕೀಚ್ ಕೀಚ್ ಅನ್ನತೊಡಗಿತು.

"ಕೋಳಿಮರಿ ತಂದಿದ್ದೀಯಾ?" ಅಂದಳು ವಿದೊಸಾವಾ.

ಗ್ವೋಜ್ದೆನ್ನನ ಮುಖ ಬದಲಾಗಿಬಿಟ್ಟಿತು. "ಎಲ್ಲಾರೂ ಹೊರಗೆ! ಈಗಲೇ!" ಅಂತ ಕೂಗಿದ. ನಾವು ಗಾಬರಿಯಿಂದ ಓಡಿದೆವು. ವಿದೊಸಾವಾ "ಬೆವರಿದ್ದೀನಿ, ಹೊರಗೆ ಹೋದ್ರೆ ಸಾಯ್ತೀನಿ" ಅಂತ ಕುರ್ಚಿ ಹಿಡಿದುಕೊಂಡಳು. ಅವನು ಕುರ್ಚಿಯ ಸಮೇತ ಅವಳನ್ನು ಎತ್ತಿಕೊಂಡು ಅಂಗಳಕ್ಕೆ ತಂದಿಟ್ಟ. ಆಮೇಲೆ ಮುಂಬಾಗಿಲು, ಹಿಂಬಾಗಿಲು ಎರಡನ್ನೂ ಅಗಲಕ್ಕೆ ತೆರೆದ. ಅಡ್ಡಗಾಳಿ ಆ ಮನೆಯೊಳಗೆ ಮೆರವಣಿಗೆ ಹೊರಟಿತು. ಒಲೆ ಗುಡುಗಿತು. ಗಾಜಿನ ಹಿಂದೆ ಬೆಂಕಿ ಚಿನ್ನದ ಬಣ್ಣಕ್ಕೆ ತಿರುಗಿದ್ದು ನಮಗೆ ಅಂಗಳದಿಂದಲೇ ಕಂಡಿತು. ಗ್ವೋಜ್ದೆನ್ ಬಾಗಿಲು ಮುಚ್ಚಿದ, ಬೆಂಕಿ ಮುದುಡಿತು. ತೆರೆದ, ಎದ್ದಿತು. ಮುಚ್ಚಿದ. ತೆರೆದ. ಏಳನೆಯ ಸಲಕ್ಕೆ ಮಿಲೋಯ್ಕೊನ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಅಂದ್ರೆ... ನಾನು ಮುಚ್ಚಿದ್ದು..."

"ಬೆಂಕಿಗೂ ಉಸಿರು ಬೇಕು ಕಣಪ್ಪಾ. ಒಂದು ಒಲೆ ಉರೀಬೇಕಾದ್ರೆ ಕೋಣೆ ಕೋಣೆ ಗಾಳಿ ಕುಡಿಯುತ್ತೆ. ನೀನು ಎಲ್ಲಾ ಕಡೆ ಮುಚ್ಚಿದೆ, ಅದು ಗಾಳಿ ಇಲ್ದೆ ಹೊಗೆಗೂಡಿನಿಂದಲೇ ಹೊಗೇನ ವಾಪಸ್ ಎಳ್ಕೊಳ್ತು." ನಂತರ ಅವನು ವಿದೊಸಾವಾಳ ಮುಂದೆ ಮೊಣಕಾಲೂರಿ ಕೂತು ಮೆತ್ತಗೆ ಹೇಳಿದ. "ಅಜ್ಜೀ, ಆ ಹೊಗೆ ಜೊತೆ ಒಂದು ವಿಷಗಾಳಿನೂ ಬರುತ್ತೆ, ಅದಕ್ಕೇ ಈ ಯಂತ್ರ ಕೂಗಿದ್ದು. ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು. ಆಮೇಲೆ ನಿದ್ದೆ. ಆಮೇಲೆ ಎಚ್ಚರ ಆಗಲ್ಲ. ಒಲೆ ಪಕ್ಕ ಮಲಗೋದು ನೀವು. ಮೊದಲು ಹೋಗೋರು ನೀವೇ ಆಗಿದ್ರಿ."

ಮಿಲೋಯ್ಕೊನ ಮುಖ ಸುಣ್ಣದ ಹಾಗಾಯಿತು. ಮೂರು ವಾರ ಅತ್ತೆಯನ್ನು ಕಾಪಾಡುತ್ತೇನೆಂದು ಅವನು ಮಾಡುತ್ತಿದ್ದದ್ದು ಏನು ಅಂತ ಅವನಿಗೆ ಆಗ ಅರ್ಥವಾಯಿತು. ಸೂಟಿನ ಸಮೇತ ಸೌದೆ ಕೊರಡಿನ ಮೇಲೆ ಕುಸಿದು ಕೂತ.

"ಅಮ್ಮಾ" ಅಂದ.

"ತಲೆನೋವು ಹೋಯ್ತಲ್ಲೋ" ಅಂದಳು ವಿದೊಸಾವಾ ಆಶ್ಚರ್ಯದಿಂದ, ಡಿಸೆಂಬರಿನ ಬಯಲಿನಲ್ಲಿ ಹಣೆ ಮುಟ್ಟಿ ನೋಡಿಕೊಳ್ಳುತ್ತಾ.

ಗ್ವೋಜ್ದೆನ್ ವ್ಯವಸ್ಥೆ ಹೇಳಿದ. ಹಬ್ಬ ಮುಗಿದ ಮೇಲೆ ಒಲೆಯ ಹಿಂದೆ ನೆಲದಲ್ಲಿ ತೂತು ಕೊರೆದು ನೆಲಮಾಳಿಗೆಯಿಂದ ನೇರವಾಗಿ ಒಲೆಗೆ ಗಾಳಿ ಕೊಡಬೇಕು. ಅಲ್ಲಿಯವರೆಗೆ ಅಂಟು ಹಾಕದ ಆ ಒಂದು ಕಿಟಕಿಯನ್ನು ಮೂರು ಬೆರಳಷ್ಟು ತೆರೆದಿಡಬೇಕು, ಯಾರು ಹೇಳಿದರೂ ಮುಚ್ಚಬಾರದು. ಕೀಚ್ ಅನ್ನುವ ಯಂತ್ರವನ್ನು ಗೋಡೆಗೆ ನೇತುಹಾಕಿ ಹೋದ. ಹತ್ತೂವರೆಗೆ ರೊಟ್ಟಿ ಉಬ್ಬಿ, ಕೆಂಪಗೆ ಬೆಂದು, ಹಿಟ್ಟಿನ ಹಕ್ಕಿಗಳೂ ಹಾರಿಹೋಗದೆ ಹೊರಗೆ ಬಂತು. ದೆಸಾಂಕಾ ರೊಟ್ಟಿಯನ್ನೂ ಗಂಡನನ್ನೂ ಒಟ್ಟಿಗೆ ತಬ್ಬಿಕೊಳ್ಳಲು ಹೋಗಿ ಕೈ ಸುಟ್ಟುಕೊಂಡಳು.

ಪಾದ್ರಿ ಬಂದರು, ಮಂತ್ರ ಹೇಳಿದರು, ಮಿಲೋಯ್ಕೊನ ಜೊತೆ ರೊಟ್ಟಿಯನ್ನು ಹಿಡಿದು ತಿರುಗಿಸಿ, ಶಿಲುಬೆಯಾಕಾರಕ್ಕೆ ಕೊಯ್ದು, ಕೆಂಪು ದ್ರಾಕ್ಷಾರಸ ಎರೆದರು. ಮಿಲೋಯ್ಕೊ ಅಪ್ಪನ ಕಾಲದ ಸಂತನ ಪಟದ ಕೆಳಗೆ ದೊಡ್ಡ ಮೇಣದ ಬತ್ತಿ ಹಚ್ಚಿದ. ಅದಕ್ಕೆ ಮೂರು ಕಡ್ಡಿ ಬೇಕಾದವು. ಹಚ್ಚಿದ ಮೇಲೆ ಆ ಬತ್ತಿಯನ್ನು ಅಲ್ಲಿಂದ ಕದಲಿಸುವಂತಿಲ್ಲ. ಸಂಜೆ ಯಜಮಾನ ದ್ರಾಕ್ಷಾರಸದಿಂದ ಆರಿಸುವವರೆಗೆ ಅದು ಆರಬಾರದು. ತಾನಾಗಿ ಆರಿದರೆ ಆ ಮನೆಗೆ ಒಳ್ಳೆಯದಲ್ಲ ಅಂತ ನಮ್ಮವರ ನಂಬಿಕೆ.

ಜನ ಬರತೊಡಗಿದರು. ಹಬ್ಬಕ್ಕೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ, ಬರುವವರು ಬರುತ್ತಾರೆ. ಒಂದು ಚಮಚ ಸಿಹಿ ಗೋಧಿ, ಒಂದು ಲೋಟ ರಕಿಯಾ, ಆಮೇಲೆ ಹುರುಳಿಕಾಯಿ, ಮೀನು, ಉಪ್ಪಿನಕಾಯಿ. ಕ್ರಿಸ್‌ಮಸ್ಸಿಗೆ ಮುಂಚಿನ ಉಪವಾಸದ ಕಾಲವಾದ್ದರಿಂದ ಮೀನು ಬಿಟ್ಟರೆ ಬೇರೆ ಮಾಂಸವಿಲ್ಲ, ಆದರೂ ಮೇಜು ಬಾಗುತ್ತಿತ್ತು. ಇಪ್ಪತ್ತಮೂರು ಜನ ಕೂತರು. ಪದ್ಧತಿಯಂತೆ ಯಜಮಾನ ಮಾತ್ರ ಕೂರದೆ ನಿಂತೇ ಬಡಿಸಿದ. ಒಲೆ ಹದವಾಗಿ ಉರಿಯುತ್ತಿತ್ತು, ಗಾಜು ತಿಳಿಯಾಗಿತ್ತು.

ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಮೂರು ಬೆರಳು ತೆರೆದ ಕಿಟಕಿಯಿಂದ ಒಲೆಯ ಕಡೆಗೆ ಹೊರಟ ಗಾಳಿಯ ದಾರಿಯಲ್ಲಿ ಸರಿಯಾಗಿ ಸಂತನ ಬತ್ತಿ ಇತ್ತು. ಜ್ವಾಲೆ ಬಗ್ಗಿತು, ಎದ್ದಿತು, ಮತ್ತೆ ಬಗ್ಗಿ ನೀಲಿಯಾಯಿತು. ಎಲ್ಲರ ಕೈಯಲ್ಲಿದ್ದ ಮುಳ್ಳುಚಮಚಗಳು ನಿಂತವು. ಮಿಲೋಯ್ಕೊ ಅಂಗೈ ಅಡ್ಡ ಹಿಡಿದ. ಕಿಟಕಿ ಮುಚ್ಚಿದರೆ ಒಲೆ ಎಲ್ಲರನ್ನೂ ಕೊಲ್ಲುತ್ತದೆ, ತೆರೆದಿಟ್ಟರೆ ಬತ್ತಿ ಆರುತ್ತದೆ. ಒಲೆ ಆರಿಸೋಣವೆಂದರೆ ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ.

ಆ ಕ್ಷಣಕ್ಕೆ ಸರಿಯಾಗಿ ಬಾಗಿಲು ತೆರೆಯಿತು, ರಾದೊಮಾನ್ ಒಳಗೆ ಬಂದ. ಒಂದು ನೋಟದಲ್ಲಿ ಎಲ್ಲವೂ ಅವನಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಅಂದುಕೊಂಡ.

"ಡಿಸೆಂಬರಲ್ಲಿ ಕಿಟಕಿ ತೆಗೆದು ಊಟ ಹಾಕ್ತಿದ್ದೀಯೇನೋ? ಜನರನ್ನ ಸಾಯಿಸ್ತೀಯಾ?" ಅಂದ. ದನಿಯಲ್ಲಿ ಸಿಟ್ಟಿಗಿಂತ ಕನಿಕರ ಹೆಚ್ಚಾಗಿತ್ತು, ಅದೇ ಹೆಚ್ಚು ಚುಚ್ಚುವಂತಿತ್ತು. "ನಿನ್ ಕೈಲಾಗಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಹೋಗ್ಲಿ, ಬೇಜಾರ್ ಮಾಡ್ಕೋಬೇಡ. ಸಾರು ಬಿಸಿಯಾಗಿದೆ, ನಮ್ಮನೇಲಿ ಒಂದು ಕಿಟಕಿನೂ ತೆಗೆದಿಲ್ಲ. ಅಮ್ಮಾ, ಏಳು, ನಡಿ. ಎಲ್ಲಾರೂ ಬನ್ನಿ."

ಯಾರೋ ಒಬ್ಬರು ಕುರ್ಚಿ ಹಿಂದಕ್ಕೆ ತಳ್ಳಿದರು. ಇನ್ನೊಬ್ಬರು ಕೋಟಿಗೆ ಕೈ ಹಾಕಿದರು. ಎಲ್ಲರ ಕಣ್ಣೂ ವಿದೊಸಾವಾಳ ಮೇಲಿತ್ತು. ಮಿಲೋಯ್ಕೊ ಅಂಗೈಯನ್ನು ಬತ್ತಿಗೆ ಅಡ್ಡ ಹಿಡಿದೇ ನಿಂತಿದ್ದ. ಮೇಣ ಅವನ ತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಆ ಕಡೆ ನೋಡಲಾರದೆ ಹೋದೆ.

ವಿದೊಸಾವಾ ಎದ್ದಳು. ಮೊದಲನೆಯ ಶಾಲು, ಎರಡನೆಯ ಶಾಲು, ಒಂದೊಂದಾಗಿ ಐದನ್ನೂ ಹೊದ್ದಳು. ಮೇಲೆ ಕುರಿಚರ್ಮದ ಅಂಗಿ ತೊಟ್ಟಳು. ರಾದೊಮಾನ್ ಅವಳಿಗಾಗಿ ಬಾಗಿಲು ಹಿಡಿದು ನಿಂತ. ಅವಳು ಕುರ್ಚಿಯನ್ನು ಕೈಯಲ್ಲಿ ಹಿಡಿದು, ಕಾಲು ಎಳೆಯುತ್ತಾ, ಬಾಗಿಲಿನ ಕಡೆಗಲ್ಲ, ಕಿಟಕಿಯ ಕಡೆಗೆ ಹೋದಳು. ಮೂರು ಬೆರಳಿನ ಆ ಸಂದಿಗೂ ಸಂತನ ಬತ್ತಿಗೂ ಮಧ್ಯೆ ಕುರ್ಚಿ ಇಟ್ಟು, ಬೆನ್ನನ್ನು ನೇರ ಕಿಟಕಿಗೆ ಕೊಟ್ಟು ಕೂತಳು.

ಬೆಟ್ಟದ ಗಾಳಿ ಅವಳ ಬೆನ್ನಿಗೆ ಹೊಡೆದು, ಎರಡು ಪಕ್ಕದಿಂದ ಸೀಳಿಕೊಂಡು ಒಲೆಗೆ ಹೋಯಿತು. ಬತ್ತಿ ಅಲ್ಲಾಡದೆ ನಿಂತಿತು.

ಅಡ್ಡಗಾಳಿಗೆ ಬೇಕೆಂದೇ ಬೆನ್ನು ಕೊಟ್ಟು ಕೂತವರನ್ನು ನಮ್ಮ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಕೊನೆಯ ಬೆಂಚಿನ ಒಬ್ಬ ಮುದುಕ ಟೋಪಿ ತೆಗೆದ.

"ಅಮ್ಮಾ! ನಿನ್ನ ಸೊಂಟ! ನಿನ್ನ ಕುತ್ತಿಗೆ!" ಅಂತ ಕಿರುಚಿದ ರಾದೊಮಾನ್.

"ಹೋದ್ರೆ ಹೋಗ್ಲಿ" ಅಂದಳು ಅವಳು. "ಒಂಬತ್ತು ವರ್ಷ ಇವನು ನಮ್ಮ ಬತ್ತಿ ಹಚ್ಚಿದ. ಇವತ್ತು ಇವನ ಬತ್ತಿ. ನೀನು ಆ ಬಾಗಿಲು ಹಾಕಿ, ಕೋಟು ಬಿಚ್ಚಿ, ಮನೆ ಯಜಮಾನನಿಗೆ ಶುಭಾಶಯ ಹೇಳಿ, ತೆಪ್ಪಗೆ ಕೂತ್ಕೊಂಡು ಉಣ್ಣು. ನಿನ್ನ ಸಾರು ಬೇಕಾದ್ರೆ ಇಲ್ಲಿಗೇ ತರಿಸು."

ರಾದೊಮಾನ್ ಬಾಗಿಲು ಹಾಕಿದ. ಕೋಟು ಬಿಚ್ಚಿದ. ಜೀವಮಾನದಲ್ಲಿ ಮೊದಲ ಸಲ ಅವನ ಗಂಟಲಿನಿಂದ ಸಣ್ಣ ದನಿ ಬಂತು. "ಹಬ್ಬದ ಶುಭಾಶಯ, ಯಜಮಾನ್ರೇ" ಅಂತ ಹೇಳಿ ಕೂತ.

ತಳ್ಳಿದ ಕುರ್ಚಿಗಳು ಮತ್ತೆ ಮೇಜಿನ ಹತ್ತಿರ ಬಂದವು. ಮಿಲೋಯ್ಕೊ ತನ್ನ ಸೂಟಿನ ಕೋಟು ಬಿಚ್ಚಿ, ಐದು ಶಾಲು ಮತ್ತು ಕುರಿಚರ್ಮದ ಮೇಲೆ ಏಳನೆಯದಾಗಿ ಅತ್ತೆಯ ಬೆನ್ನಿಗೆ ಹೊದಿಸಿದ. ಅವನ ಕಣ್ಣಿನಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಕೋಣೆಯಲ್ಲಿ ಒಂದಿಷ್ಟೂ ಹೊಗೆ ಇರಲಿಲ್ಲ, ಕಣ್ಣೀರನ್ನು ಅದರ ಮೇಲೆ ಹೊರಿಸುವಂತೆಯೂ ಇರಲಿಲ್ಲ.